ಪಕ್ಷ ಹಿಡಿದ ಪತ್ರಿಕೆಯನ್ನು ನಂಬಬಹುದೆ?

ನಮ್ಮ ಸಂಘದ ವಾಚನಾಲಯಕ್ಕೆ ಬರುವ ಕನ್ನಡ ವಾರಪತ್ರಿಕೆಯೊಂದನ್ನು ನಿಲ್ಲಿಸಬೇಕೆಂದು ಕೆಲವು ಸದಸ್ಯರು ಕಾರ್ಯಕಾರಿ ಸಮಿತಿಗೆ ಪತ್ರ ಬರೆದಿದ್ದಾರೆ. ಅದರಲ್ಲಿ ಬರುವುದೆಲ್ಲ ಒಂದೇ ಕಡೆಯ ಮಾತು ಎಂಬುದು ಅವರ ಆಕ್ಷೇಪಣೆ. ಸಂಘದ ವಾಟ್ಸಾಪ್ ಬಳಗದಲ್ಲಿ ‘ಸ್ವತಂತ್ರ ಮಾಧ್ಯಮ’ ಎಂದು ಹೇಳಿಕೊಳ್ಳುವ ಜಾಲತಾಣಗಳ ಸುದ್ದಿ ಹಂಚುವುದೂ ನಿಲ್ಲಬೇಕೆಂದು ಅದೇ ಪತ್ರದ ಎರಡನೆಯ ಪುಟದಲ್ಲಿದೆ. ಅದಕ್ಕೆ ಪುರಾವೆಯೆಂದು ‘ಈದಿನ’ ತಾಣದವರು 2024ರ ಲೋಕಸಭಾ ಚುನಾವಣೆಗೆ ಮುಂಚೆ ನಡೆಸಿದ ಸಮೀಕ್ಷೆಯನ್ನು ಉದಾಹರಿಸಿದ್ದಾರೆ. ಕರ್ನಾಟಕದಲ್ಲಿ ಕಾಂಗ್ರೆಸ್ಸೇ ಮುಂದೆಂದು ಅದು ಹೇಳಿತ್ತು. ಎಣಿಕೆಯಾದಾಗ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಬಂದದ್ದು 9. ಬಿಜೆಪಿಗೆ 17, ಜನತಾದಳಕ್ಕೆ 2.

ಈ ಪತ್ರವನ್ನು ನಕ್ಕು ಬದಿಗಿಡುವಂತಿಲ್ಲ. ಹಾವೇರಿಯಲ್ಲಿ ಗಲಾಟೆ ನಡೆಯಿತೆಂದು ಪತ್ರಿಕೆ ಬರೆದರೆ ಹಾವೇರಿಯವನು ಪೇಟೆಗೆ ಹೋಗಿ ನೋಡಿ ಬರುತ್ತಾನೆ, ಚಹಾದಂಗಡಿಯಲ್ಲಿ ನಾಲ್ಕು ಜನರನ್ನು ಕೇಳುತ್ತಾನೆ. ಅವನಿಗೆ ಪತ್ರಿಕೆ ಹತ್ತು ಸಾಕ್ಷಿಗಳಲ್ಲಿ ಒಂದು. ಅಹಮದಾಬಾದಿನ ಮಣಿನಗರದಲ್ಲೋ, ವಡೋದರದ ಅಲಕಾಪುರಿಯಲ್ಲೋ, ಸೂರತ್ತಿನ ಉಧನಾದಲ್ಲೋ ಕುಳಿತ ನಮಗೆ ಅದೇ ಏಕೈಕ ಸಾಕ್ಷಿ. ಊರನ್ನು ನಾವು ನೋಡುವುದು ಬೇರೆಯವರ ಕಣ್ಣಿನಿಂದ. ಆ ಕಣ್ಣು ಒಂದೇ ಕಡೆಗೆ ತಿರುಗಿದ್ದರೆ ಊರಿನ ಅರ್ಧವೇ ನಮಗೆ ಕಾಣುವುದಿಲ್ಲ. ಇಲ್ಲಿ ಓದಿದ ಸುದ್ದಿಯನ್ನು ಹಿಡಿದು ಊರಲ್ಲಿರುವ ಅಣ್ಣನೊಡನೆ ಫೋನಿನಲ್ಲಿ ಜಗಳವಾಡಿ, ಹಬ್ಬಕ್ಕೂ ಮಾತು ಬಿಟ್ಟವರು ನಮ್ಮ ನಡುವೆ ಇದ್ದಾರೆ. ಪತ್ರ ಬರೆದ ಸದಸ್ಯರ ಆತಂಕ ನಮಗೂ ಇದೆ. ಅವರು ಕೊಟ್ಟ ಔಷಧ ಮಾತ್ರ ನಮಗೆ ಒಪ್ಪಿಗೆಯಿಲ್ಲ.

ಮೊದಲನೆಯದಾಗಿ, ಪಕ್ಷವಿಲ್ಲದ ಪತ್ರಿಕೆ ನಿಜ ಹೇಳುತ್ತದೆಂಬ ಭರವಸೆ ನಮಗೆಲ್ಲಿಂದ ಬಂತು? ಸೂರತ್ತಿನ ಹಿರಿಯ ಸದಸ್ಯರಿಗೆ 1994ರ ಸೆಪ್ಟೆಂಬರ್ ಮರೆತಿರಲಾರದು. ಪ್ಲೇಗ್ ಎಂಬ ಮಾತು ಹಬ್ಬಿದ ಒಂದೆರಡು ದಿನಗಳಲ್ಲಿ ಲಕ್ಷಗಟ್ಟಲೆ ಜನ ರೈಲು, ಬಸ್ಸು ಹಿಡಿದು ಊರು ಬಿಟ್ಟರು. ಸತ್ತವರು ನೂರಾರು ಎಂದು ದೇಶದ ಪತ್ರಿಕೆಗಳು ಬರೆದವು. ಕೊನೆಗೆ ಲೆಕ್ಕ ಸಿಕ್ಕಾಗ ಇಡೀ ದೇಶದಲ್ಲಿ ಸತ್ತವರು ಅರವತ್ತನ್ನು ಮುಟ್ಟಿರಲಿಲ್ಲ. ಹಾಗೆ ಬರೆದವರಿಗೆ ಪ್ಲೇಗಿನ ಪರವೂ ಇರಲಿಲ್ಲ, ವಿರೋಧವೂ ಇರಲಿಲ್ಲ. ಇದ್ದದ್ದು ಅವಸರ. ಮತ್ತೆ 2002ರಲ್ಲಿ, ಗೋಧ್ರಾದ ನಂತರದ ಹಿಂಸೆಯ ದಿನಗಳ ಪತ್ರಿಕಾ ವರದಿಗಳನ್ನು ಪರಿಶೀಲಿಸಲು ಎಡಿಟರ್ಸ್ ಗಿಲ್ಡಿನ ಪರವಾಗಿ ಬಿ. ಜಿ. ವರ್ಗೀಸ್, ದಿಲೀಪ್ ಪಡಗಾಂವ್ಕರ್ ಮತ್ತು ಆಕಾರ್ ಪಟೇಲ್ ಇಲ್ಲಿಗೆ ಬಂದರು. ಪರೀಕ್ಷಿಸದ, ಉದ್ರೇಕಿಸುವ ಸುದ್ದಿಗಳಿಗಾಗಿ ಅವರು ಬೆರಳಿಟ್ಟು ತೋರಿಸಿದ್ದು ಯಾವುದೋ ಮೂಲೆಯ ಕರಪತ್ರವನ್ನಲ್ಲ. ಜಾಹೀರಾತು ತುಂಬಿ ತುಳುಕುವ, ಮನೆಮನೆಗೆ ಹೋಗುವ ಗುಜರಾತಿ ದೈನಿಕಗಳನ್ನು. ದೊಡ್ಡ ಕಟ್ಟಡ, ದೊಡ್ಡ ಪ್ರಸಾರ ಇವು ನಿಷ್ಪಕ್ಷಪಾತದ ಪ್ರಮಾಣಪತ್ರವಲ್ಲ.

ಇನ್ನು ನಮ್ಮ ಕನ್ನಡ ಪತ್ರಿಕೋದ್ಯಮವಂತೂ ಹುಟ್ಟಿದ್ದೇ ಪಕ್ಷ ಹಿಡಿದವರ ತೊಡೆಯ ಮೇಲೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಶನ್ನಿನ ಪಾದ್ರಿ. ತಮ್ಮ ಉದ್ದೇಶವನ್ನು ಅವರು ಬಚ್ಚಿಟ್ಟವರಲ್ಲ. ಆ ಪತ್ರಿಕೆ ಹೊರಟ ಜುಲೈ 1ನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ‘ಸಂಯುಕ್ತ ಕರ್ನಾಟಕ’ಕ್ಕಂತೂ ಹೆಸರೇ ಅದರ ಪಕ್ಷವಾಗಿತ್ತು! ಕರ್ನಾಟಕ ಒಂದಾಗಬೇಕೋ ಬೇಡವೋ ಎಂಬುದರಲ್ಲಿ ಆ ಪತ್ರಿಕೆ ತಟಸ್ಥವಾಗಿದ್ದಿದ್ದರೆ ಹುಬ್ಬಳ್ಳಿ, ಧಾರವಾಡದ ಕಡೆಯ ನಮ್ಮ ಹಿರಿಯರು ಅದನ್ನು ಕೊಳ್ಳುತ್ತಲೇ ಇರಲಿಲ್ಲ.

ಹಾಗಾದರೆ ಪಕ್ಷ ಹಿಡಿದದ್ದೆಲ್ಲ ಒಳ್ಳೆಯದೇ? ಅಲ್ಲ. ಇದಕ್ಕೆ ಒಂದು ಒರೆಗಲ್ಲು ಬೇಕು, ಮತ್ತು ಆ ಒರೆಗಲ್ಲು ನಾವಿರುವ ಊರಿನಲ್ಲೇ ಇದೆ. ಗಾಂಧೀಜಿ 1919ರಿಂದ ಅಹಮದಾಬಾದಿನಿಂದ ‘ನವಜೀವನ’ ಮತ್ತು ‘ಯಂಗ್ ಇಂಡಿಯಾ’ ನಡೆಸಿದರು. ಜಾಹೀರಾತು ಬೇಡವೆಂದರು. ಅವಕ್ಕಿಂತ ಪಕ್ಷಪಾತದ ಪತ್ರಿಕೆಗಳು ಆಗ ಇದ್ದಿರಲಾರವು: ಸರ್ಕಾರದೊಡನೆ ಅಸಹಕಾರ ಮಾಡಿ ಎಂದೇ ಅವು ಸಾರುತ್ತಿದ್ದವು. ‘ಯಂಗ್ ಇಂಡಿಯಾ’ದ ಮೂರು ಲೇಖನಗಳಿಗಾಗಿ 1922ರ ಮಾರ್ಚ್ 18ರಂದು ಇಲ್ಲಿನ ಶಾಹಿಬಾಗಿನ ಸರ್ಕಿಟ್ ಹೌಸಿನಲ್ಲಿ ವಿಚಾರಣೆ ನಡೆದದ್ದು, ಗಾಂಧೀಜಿ ತಪ್ಪೊಪ್ಪಿಕೊಂಡದ್ದು, ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಆರು ವರ್ಷದ ಸಜೆ ಕೊಟ್ಟದ್ದು ಶಾಲೆಯ ಮಕ್ಕಳಿಗೂ ತಿಳಿದ ಕಥೆ. ನಾವು ನೆನೆಯಬೇಕೆಂದಿರುವುದು ಅದಕ್ಕೆ ಒಂದು ತಿಂಗಳು ಹಿಂದಿನ ಸಂಚಿಕೆಯನ್ನು. ಫೆಬ್ರವರಿ ಮೊದಲ ವಾರದಲ್ಲಿ ಚೌರಿಚೌರಾದಲ್ಲಿ ಚಳವಳಿಗಾರರ ಗುಂಪು ಪೊಲೀಸ್ ಠಾಣೆಗೆ ಬೆಂಕಿಯಿಟ್ಟು ಇಪ್ಪತ್ತಕ್ಕೂ ಹೆಚ್ಚು ಪೊಲೀಸರನ್ನು ಕೊಂದಿತ್ತು. ಸರ್ಕಾರದ ಮೇಲೆ ತಪ್ಪು ಹೊರಿಸಿ ಆ ಸುದ್ದಿಯನ್ನು ಮುಗಿಸಿಬಿಡುವುದು ಯಾವ ಪಕ್ಷದ ಪತ್ರಿಕೆಗೂ ಸುಲಭ. ‘ಯಂಗ್ ಇಂಡಿಯಾ’ ಹಾಗೆ ಮಾಡಲಿಲ್ಲ. ಅದನ್ನು ಅಪರಾಧವೆಂದೇ ಕರೆದು, ತಮ್ಮವರೇ ಮಾಡಿದ್ದೆಂದು ಒಪ್ಪಿ, ಚಳವಳಿಯನ್ನೇ ನಿಲ್ಲಿಸಿದ ಕಾರಣವನ್ನು ಓದುಗರ ಮುಂದಿಟ್ಟಿತು. ಮೋತಿಲಾಲ ನೆಹರೂ ಅವರಂಥ ಸ್ವಂತ ಬಳಗದವರೇ ಇದರಿಂದ ಸಿಟ್ಟಾದರು.

ಪತ್ರಿಕೆಗೆ ಪಕ್ಷವಿದೆಯೇ ಎಂದು ನಾವು ಕೇಳುವುದಿಲ್ಲ. ತನ್ನ ಪಕ್ಷಕ್ಕೆ ನೋವಾಗುವ ಸುದ್ದಿ ಬಂದ ದಿನ ಅದು ಏನನ್ನು ಅಚ್ಚು ಹಾಕಿತು ಎಂದು ಕೇಳುತ್ತೇವೆ.

ವಡೋದರದವರಿಗೆ ತಮ್ಮದೇ ಉದಾಹರಣೆಯಿದೆ. ಅಲ್ಲಿಂದ ಹೊರಡುತ್ತಿದ್ದ ಸರ್ವೋದಯದವರ ಪತ್ರಿಕೆ ‘ಭೂಮಿಪುತ್ರ’ ವಿನೋಬಾ, ಭೂದಾನ, ಖಾದಿ ಎಂದು ಒಂದೇ ರಾಗ ಹಾಡುತ್ತಿದ್ದ ಸಣ್ಣ ಪತ್ರಿಕೆ. ತುರ್ತು ಪರಿಸ್ಥಿತಿಯಲ್ಲಿ ದೊಡ್ಡ ದೈನಿಕಗಳ ಬಹುಪಾಲು ಸೆನ್ಸಾರಿಗೆ ತಲೆಬಾಗಿದ್ದಾಗ, 1975ರ ಅಕ್ಟೋಬರಿನಲ್ಲಿ ಅಹಮದಾಬಾದಿನಲ್ಲಿ ನಡೆದ ನಾಗರಿಕ ಹಕ್ಕುಗಳ ಸಮ್ಮೇಳನದಲ್ಲಿ ಎಂ. ಸಿ. ಛಾಗ್ಲಾ ಮುಂತಾದವರು ಆಡಿದ್ದನ್ನು ಅದು ಅಚ್ಚು ಹಾಕಿತು. ಸರ್ಕಾರದ ಕ್ರಮಕ್ಕೆ ಗುರಿಯಾಯಿತು. ಸಂಪಾದಕ ಚುನೀಭಾಯಿ ವೈದ್ಯ ಹೈಕೋರ್ಟಿಗೆ ಹೋದರು. 1976ರಲ್ಲಿ ಗುಜರಾತ್ ಹೈಕೋರ್ಟು ಸೆನ್ಸಾರಿನ ಆಜ್ಞೆಗಳ ವಿರುದ್ಧ ತೀರ್ಪು ಕೊಟ್ಟಿತು. ಅಂದು ಅಲಕಾಪುರಿಯಲ್ಲಿದ್ದ ಕನ್ನಡಿಗನೊಬ್ಬ ‘ಇದು ಸರ್ವೋದಯದವರ ಪತ್ರಿಕೆ, ಏಕಪಕ್ಷೀಯ’ ಎಂದು ಅದನ್ನು ಪಕ್ಕಕ್ಕಿಟ್ಟಿದ್ದರೆ, ಪಕ್ಕದ ಊರಿನಲ್ಲಿ ಏನು ನಡೆಯಿತೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ.

ಈಗ ‘ಲಂಕೇಶ್ ಪತ್ರಿಕೆ’ಯ ಮಾತು. ಪತ್ರ ಬರೆದವರ ಮನಸ್ಸಿನಲ್ಲೂ ನಮ್ಮ ಮನಸ್ಸಿನಲ್ಲೂ ಅಳತೆಗೋಲಾಗಿ ಇರುವುದು ಅದೇ. ಇಂಗ್ಲಿಷ್ ಮೇಷ್ಟರಾಗಿದ್ದ ಪಿ. ಲಂಕೇಶರು 1980ರಲ್ಲಿ ಅದನ್ನು ಆರಂಭಿಸಿದಾಗ ಜಾಹೀರಾತು ತೆಗೆದುಕೊಳ್ಳುವುದಿಲ್ಲವೆಂದು ನಿಶ್ಚಯಿಸಿದರು. ಊರಿಂದ ಬಂದವರ ಟ್ರಂಕಿನಲ್ಲಿ ಉಪ್ಪಿನಕಾಯಿ ಜಾಡಿಗೆ ಸುತ್ತಿದ ಹಳೆಯ ಸಂಚಿಕೆಗಳನ್ನು ಬಿಡಿಸಿ, ಎಣ್ಣೆಯ ಕಲೆಯ ನಡುವೆ ‘ಟೀಕೆ ಟಿಪ್ಪಣಿ’ ಓದಿದವರು ನಮ್ಮಲ್ಲಿ ಅನೇಕರು. ಅಂದಿನ ಮುಖ್ಯಮಂತ್ರಿ ಗುಂಡೂರಾಯರ ಮೇಲೆ ಅದು ವಾರವಾರವೂ ಹರಿಹಾಯಿತು. ವ್ಯಕ್ತಿಗಳಿಗೆ ಅಡ್ಡಹೆಸರಿಟ್ಟು ಲೇವಡಿ ಮಾಡುವುದರಲ್ಲಿ, ಗಾಳಿಮಾತಿಗೂ ಒಂದು ಕಾಲಂ ಕೊಡುವುದರಲ್ಲಿ ಅದಕ್ಕೆ ಸಂಕೋಚವಿರಲಿಲ್ಲ. ಮಾನನಷ್ಟದ ಮೊಕದ್ದಮೆಗಳನ್ನೂ ಅದು ಸಾಕಷ್ಟು ಕಂಡಿತು. ನಾವು ಅದನ್ನು ಪೂಜಿಸುವವರಲ್ಲ. ಆದರೆ 1983ರಲ್ಲಿ ಗುಂಡೂರಾಯರ ಸರ್ಕಾರ ಹೋಗಿ ರಾಮಕೃಷ್ಣ ಹೆಗಡೆಯವರು ಬಂದ ಮೇಲೆ ನಡೆದದ್ದನ್ನು ನೋಡಬೇಕು. ಆ ಬದಲಾವಣೆಯನ್ನು ಬಯಸಿದ ಪತ್ರಿಕೆಯೇ ಹೆಗಡೆಯವರ ಸರ್ಕಾರದ ಹುಳುಕುಗಳನ್ನೂ ಹೆಕ್ಕತೊಡಗಿತು. ಗುಂಡೂರಾಯರನ್ನು ಬೈದಾಗ ಚಪ್ಪಾಳೆ ತಟ್ಟಿದವರಲ್ಲಿ ಹಲವರಿಗೆ ಇದು ಕಹಿಯಾಯಿತು. ಜಾಹೀರಾತಿಲ್ಲದ ಪತ್ರಿಕೆಗೆ ಓದುಗನೇ ಒಡೆಯ; ಅವನು ಮುನಿದರೆ ಅನ್ನಕ್ಕೆ ಸಂಚಕಾರ. ಆ ಒಡೆಯನನ್ನೂ ಸಿಟ್ಟಿಗೆಬ್ಬಿಸುವ ಧೈರ್ಯ ಲಂಕೇಶರಿಗಿತ್ತು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಒಲವಿರುವ ಪತ್ರಿಕೆ ಯಾರನ್ನು ಮಾತಾಡಲು ಬಿಟ್ಟಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಪಡೆದ ಹಾಸನದ ಬಾನು ಮುಷ್ತಾಕ್ ಆ ಪತ್ರಿಕೆಯ ವರದಿಗಾರ್ತಿಯಾಗಿದ್ದವರು. ‘ಎಲ್ಲರಿಗೂ ಸಮಾನ’ ಎನ್ನುತ್ತಿದ್ದ ದೈನಿಕಗಳಲ್ಲಿ ಆ ದಿನಗಳಲ್ಲಿ ಅಂಥ ಧ್ವನಿಗಳಿಗೆ ಸಿಕ್ಕ ಜಾಗ ಎಷ್ಟೆಂದು ಹಳೆಯ ಕಡತ ತೆರೆದು ನೋಡಬಹುದು.

2000ದಲ್ಲಿ ಲಂಕೇಶರು ತೀರಿಕೊಂಡ ಮೇಲೆ ಅವರ ಮಗಳು ಗೌರಿ ಮುಂದೆ ತಮ್ಮ ಹೆಸರಿನದೇ ಪತ್ರಿಕೆ ನಡೆಸಿದರು. ಅದರ ಪಕ್ಷ ಇನ್ನೂ ಖಚಿತ, ದನಿ ಇನ್ನೂ ಎತ್ತರ. 2008ರಲ್ಲಿ ಬಿಜೆಪಿ ನಾಯಕರ ಮೇಲೆ ಬರೆದ ಒಂದು ವರದಿಗಾಗಿ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಅವರನ್ನು ಮಾನನಷ್ಟದ ತಪ್ಪಿತಸ್ಥರೆಂದು ಹೇಳಿ ಆರು ತಿಂಗಳ ಶಿಕ್ಷೆ ವಿಧಿಸಿತು; ಜಾಮೀನಾಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಇವೆರಡನ್ನೂ ಒಂದಕ್ಕೊಂದು ಕಟ್ಟಿ ಮಾತಾಡುವವರನ್ನು ನಮ್ಮ ಸಭೆಗಳಲ್ಲೇ ಕೇಳಿದ್ದೇವೆ. ಆ ತೀರ್ಪಿನಿಂದ ಕೊಲೆಯ ಹೇಯತನ ತಗ್ಗದು. ಕೊಲೆಯಾಯಿತೆಂಬ ಕಾರಣಕ್ಕೆ ಆ ವರದಿ ನಿಜವೂ ಆಗದು.

ಮತ್ತೆ ‘ಈದಿನ’ಕ್ಕೆ ಬರೋಣ. ಪತ್ರ ಬರೆದವರು 2024ನ್ನು ನೆನೆದರು, 2023ನ್ನು ಬಿಟ್ಟರು. ಆ ವರ್ಷದ ವಿಧಾನಸಭಾ ಚುನಾವಣೆಗೆ ಮುಂಚೆ ಹಲವು ಸಮೀಕ್ಷೆಗಳು ಅತಂತ್ರ ಸ್ಥಿತಿಯೆಂದು ಹೇಳುತ್ತಿದ್ದಾಗ, ಈ ತಾಣದವರು ನಲವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ಕೇಳಿ, ಕಾಂಗ್ರೆಸ್ಸಿಗೆ 132ರಿಂದ 140 ಸ್ಥಾನವೆಂದು ಪ್ರಕಟಿಸಿದರು. ‘ಅವರ ಒಲವೇ ಅತ್ತ ಕಡೆ, ಆಸೆಯನ್ನೇ ಅಂಕಿ ಮಾಡಿದ್ದಾರೆ’ ಎಂದು ನಮ್ಮಲ್ಲೂ ನಕ್ಕವರಿದ್ದರು. ಮೇ 13ರಂದು ಬಂದದ್ದು 135. ಮರುವರ್ಷ ಅದೇ ತಾಣ, ಅದೇ ಒಲವು, ಲೆಕ್ಕ ತಲೆಕೆಳಗಾಯಿತು. ಹಾಗಾದರೆ ಒಲವಿನಿಂದ 2024ರ ತಪ್ಪಾಯಿತೆ? ಆಗಿರಬಹುದು. ಹಾಗೆಂದರೆ 2023ರ ಸರಿಯೂ ಒಲವಿನಿಂದಲೇ ಆಯಿತೆ? ಒಲವಿನ ಬಲದಿಂದ ಮುಂದಿನ ಅಂಕಿಯನ್ನು ನಂಬುವವನೂ ತಪ್ಪುತ್ತಾನೆ, ತಳ್ಳಿಹಾಕುವವನೂ ತಪ್ಪುತ್ತಾನೆ. ಸಮೀಕ್ಷೆಯಲ್ಲಿ ಒಂದು ಗುಣವಿದೆ: ಎಣಿಕೆಯ ದಿನ ಅದು ಬಯಲಿಗೆ ಬೀಳುತ್ತದೆ. ಎಷ್ಟು ಜನರನ್ನು, ಎಲ್ಲಿ, ಹೇಗೆ ಕೇಳಿದೆವೆಂದು ಹೇಳಿದವರನ್ನು ನಾವು ಹಿಡಿದು ಕೇಳಬಹುದು. ‘ಬಲ್ಲ ಮೂಲಗಳ ಪ್ರಕಾರ’ ಎಂದು ಬರೆದವರನ್ನು ಯಾರು ಹಿಡಿಯಬೇಕು?

ಬಲ್ಲ ಮೂಲಗಳು ಎಲ್ಲಿಗೆ ಒಯ್ಯುತ್ತವೆ ಎಂಬುದಕ್ಕೆ ದೆಹಲಿಯ ‘ದಿ ವೈರ್’ ತಾಣವೇ ಸಾಕು. 2022ರ ಅಕ್ಟೋಬರಿನಲ್ಲಿ, ಬಿಜೆಪಿಯ ಪದಾಧಿಕಾರಿಯೊಬ್ಬರಿಗೆ ಇನ್‌ಸ್ಟಾಗ್ರಾಮಿನ ಬರಹಗಳನ್ನು ತೆಗೆಸುವ ವಿಶೇಷಾಧಿಕಾರವಿದೆಯೆಂದು ಅದು ದಾಖಲೆ ಸಮೇತ ಬರೆಯಿತು. ಮೆಟಾ ಕಂಪನಿ ಆ ದಾಖಲೆಗಳೇ ನಕಲಿ ಎಂದಿತು. ಕೆಲದಿನ ಹಠ ಹಿಡಿದ ಸಂಪಾದಕರು, ಅದೇ ತಿಂಗಳು ವರದಿಗಳನ್ನು ಹಿಂತೆಗೆದುಕೊಂಡು ಓದುಗರ ಕ್ಷಮೆ ಕೇಳಿದರು. ಇಲ್ಲಿ ಒಲವಿನ ನಿಜವಾದ ಅಪಾಯ ಕಾಣುತ್ತದೆ. ತಮಗೆ ಹಿತವಾದ ದಾಖಲೆ ಕೈಗೆ ಬಂದಾಗ ಪರೀಕ್ಷೆಯ ಕೈ ಸಡಿಲವಾಗುತ್ತದೆ. ಹೊಲಸು ಎದುರಾಳಿಯ ಮೈಮೇಲೆ ಬೀಳುವಂತಿದ್ದರೆ ಮೂಸಿ ನೋಡುವುದಿಲ್ಲ. ತಪ್ಪನ್ನು ಮೊದಲು ಪ್ರಕಟಿಸಿದಷ್ಟೇ ಬಹಿರಂಗವಾಗಿ ಹಿಂತೆಗೆದರು ಎಂಬುದನ್ನೂ ಆ ಲೆಕ್ಕದ ಎದುರು ಬರೆದಿಡುತ್ತೇವೆ. 2002ರಲ್ಲಿ ಗಿಲ್ಡಿನವರು ಎತ್ತಿ ತೋರಿಸಿದ ಸುದ್ದಿಗಳನ್ನು ನೆನೆದರೆ, ಹಿಂತೆಗೆಯುವುದು ನಮ್ಮ ದೇಶದ ಪತ್ರಿಕೆಗಳಲ್ಲಿ ಎಷ್ಟು ಅಪರೂಪವೆಂದು ತಿಳಿಯುತ್ತದೆ.

ಪರೀಕ್ಷೆಯ ಕೈ ಸಡಿಲವಾಗುವುದು ಸಂಪಾದಕರಿಗೆ ಮಾತ್ರವೆ? ನಮ್ಮ ವಾಟ್ಸಾಪ್ ಬಳಗವನ್ನೇ ನೋಡಿ. ಒಂದು ಪಕ್ಷದವರು ಹಂಚಿದ್ದನ್ನು ಇನ್ನೊಂದು ಪಕ್ಷದವರು ‘ಸುಳ್ಳು’ ಎನ್ನುತ್ತಾರೆ. ತಮ್ಮದನ್ನು ಹಂಚುವ ಮುಂಚೆ ಯಾರೂ ಪೂರ್ತಿ ಓದಿರುವುದಿಲ್ಲ. ಸುದ್ದಿಗಳ ಸುಳ್ಳು ನಿಜ ತೂಗುವ ‘ಆಲ್ಟ್ ನ್ಯೂಸ್’ 2017ರಲ್ಲಿ ಇದೇ ಅಹಮದಾಬಾದಿನಲ್ಲಿ ಹುಟ್ಟಿತು. ಅದಕ್ಕೂ ಒಲವಿದೆಯೆಂದು ಹೇಳುವವರಿದ್ದಾರೆ, ಇರಲೂಬಹುದು. ಆದರೆ ಈ ಚಿತ್ರ ಎಂದಿನದು, ಎಲ್ಲಿಯದು ಎಂದು ಅದು ತೋರಿಸುವ ದಾರಿಯಲ್ಲಿ ನಾವೂ ನಡೆದು ನೋಡಬಹುದಷ್ಟೆ. ನಡೆದು ನೋಡಿದವರು ಬಳಗದಲ್ಲಿ ಎಷ್ಟು ಮಂದಿ?

ಹೀಗಾಗಿ ವಾರಪತ್ರಿಕೆಯನ್ನು ನಿಲ್ಲಿಸಬೇಕೆಂಬ ಸಲಹೆಯನ್ನು ನಾವು ಅನುಮೋದಿಸುವುದಿಲ್ಲ. ಅದರಲ್ಲಿ ದೋಷವಿಲ್ಲವೆಂದಲ್ಲ. ಕಳೆದ ಆರು ತಿಂಗಳ ಸಂಚಿಕೆಗಳನ್ನು ನಾವು ಈ ಲೇಖನಕ್ಕಾಗಿ ಮತ್ತೆ ತಿರುವಿ ನೋಡಿದೆವು. ತನಗೆ ಪ್ರಿಯವಾದ ಪಕ್ಷದ ಸರ್ಕಾರದ ಮೇಲೆ ಅದು ಗಟ್ಟಿಯಾಗಿ ಬರೆದದ್ದು ಎರಡೇ ಸಲ. ಅದು ಕಡಿಮೆಯೆಂದೇ ನಮ್ಮ ಅಭಿಪ್ರಾಯ, ಮತ್ತು ಸಂಪಾದಕರಿಗೆ ಆ ಮಾತನ್ನು ಕಾಗದ ಬರೆದು ತಿಳಿಸಿದ್ದೇವೆ. ಆಕ್ಷೇಪಿಸಿದ ಸದಸ್ಯರು ಮೆಚ್ಚುವ ಇನ್ನೊಂದು ಪತ್ರಿಕೆಯನ್ನೂ ಅದೇ ಮೇಜಿಗೆ ತರಿಸಬೇಕೆಂದು ಸಮಿತಿಯನ್ನು ಕೋರುತ್ತೇವೆ. ಅದರ ಆರು ತಿಂಗಳ ಸಂಚಿಕೆಗಳನ್ನೂ ಇದೇ ರೀತಿ ಎಣಿಸುವ ಕೆಲಸಕ್ಕೆ ಅವರಲ್ಲೇ ಇಬ್ಬರು ಮುಂದೆ ಬಂದರೆ, ಫಲಿತಾಂಶವನ್ನು ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ. ಸಂಪಾದಕರಿಂದ ಉತ್ತರ ಇನ್ನೂ ಬಂದಿಲ್ಲ. ಬಂದರೆ, ಅದು ನಮ್ಮನ್ನು ಬೈದಿದ್ದರೂ, ಪೂರ್ತಿಯಾಗಿ ಪ್ರಕಟವಾಗುತ್ತದೆ.