ಇಕ್ವಾನನ ಹೆಸರು ಉಳಿಯಿತು, ಕಸುಬು ಅಳಿಸಿಹೋಯಿತು

ಜಪಾನಿನ ನಾಟಕಕಾರ ಚಿಕಾಮತ್ಸು ಮೊಂಜಾಯೆಮೊನ್ 1715ರಲ್ಲಿ ಒಸಾಕಾದ ಬೊಂಬೆಯಾಟದ ರಂಗಕ್ಕಾಗಿ ಬರೆದ ‘ಕೊಕ್ಸಿಂಗನ ಯುದ್ಧಗಳು’ 17 ತಿಂಗಳು ನಡೆಯಿತು. ಕುಸಿದ ಮಿಂಗ್ ಅರಸೊತ್ತಿಗೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಜಪಾನಿನಿಂದ ಚೀನಾಕ್ಕೆ ಹೊರಟ ವೀರನ ಕಥೆ ಅದು. ಅವನ ತಾಯಿ ಜಪಾನಿನವಳು, ತಂದೆ ಚೀನಾದವನು. ನಾಟಕದಲ್ಲಿ ತಂದೆಯ ಹೆಸರು ಇಕ್ಕಾನ್. ಅರಸನಿಗೆ ಬುದ್ಧಿ ಹೇಳಿದ್ದಕ್ಕೆ ಗಡೀಪಾರಾದ ನಿಷ್ಠಾವಂತ ಮಂತ್ರಿ.

ಚರಿತ್ರೆಯ ಇಕ್ವಾನ್ ಬೇರೆಯೇ ಮನುಷ್ಯ. ಡಚ್ಚರು ಆ ಹೆಸರಿನಿಂದ ಕರೆಯುತ್ತಿದ್ದ ಝೆಂಗ್ ಝಿಲೋಂಗ್ ಫುಜಿಯಾನ್ ಕರಾವಳಿಯವನು. ಡಚ್ ಈಸ್ಟ್ ಇಂಡಿಯಾ ಕಂಪನಿಗೆ ದುಭಾಷಿಯಾಗಿದ್ದ, ಕಡಲ್ಗಳ್ಳನಾದ, 1628ರಲ್ಲಿ ಮಿಂಗ್ ಸರ್ಕಾರದಿಂದಲೇ ಪದವಿ ಪಡೆದು ಅದೇ ಕಡಲನ್ನು ಕಾಯುವ ಅಧಿಕಾರಿಯಾದ. ಚೀನಾದೊಡನೆ ಮುಕ್ತ ವ್ಯಾಪಾರ ಬೇಕೆಂದು ಕಂಪನಿ ಪಟ್ಟು ಹಿಡಿದಿತ್ತು. 1633ರ ಜುಲೈಯಲ್ಲಿ ತೈವಾನಿನ ಡಚ್ ಗವರ್ನರ್ ಹಾನ್ಸ್ ಪುಟ್‌ಮನ್ಸ್ ಷಿಯಾಮೆನ್ ಬಂದರಿನಲ್ಲಿ ನಿಂತಿದ್ದ ಝೆಂಗ್‌ನ ಹಡಗುಗಳ ಮೇಲೆ ಮುನ್ಸೂಚನೆಯಿಲ್ಲದೆ ಎರಗಿದ. ಅಕ್ಟೋಬರ್ 22ರಂದು ಕಿನ್‌ಮೆನ್ ದ್ವೀಪದ ಲಿಯಾವೊಲುವೊ ಕೊಲ್ಲಿಯಲ್ಲಿ ಝೆಂಗ್ ಉತ್ತರ ಕೊಟ್ಟ. ಸುಮಾರು 150 ಹಡಗುಗಳೊಡನೆ ಬಂದವನು ಫಿರಂಗಿಯ ಕಾಳಗಕ್ಕೆ ಇಳಿಯಲಿಲ್ಲ. ತನ್ನ ಹಡಗುಗಳನ್ನೇ ಡಚ್ ಹಡಗುಗಳಿಗೆ ತಗುಲಿಸಿ ಬೆಂಕಿಯಿಟ್ಟ. ಪುಟ್‌ಮನ್ಸ್ ಉಳಿದ ಹಡಗುಗಳೊಡನೆ ಓಡಿದ. ಆಮೇಲೆ ವ್ಯಾಪಾರ ನಿಲ್ಲಲಿಲ್ಲ, ಬೆಳೆಯಿತು. ಆದರೆ ಝೆಂಗ್‌ನ ಷರತ್ತಿನ ಮೇಲೆ.

ಇಷ್ಟು ರೋಚಕವಾದ ಬದುಕನ್ನು ಚಿಕಾಮತ್ಸು ಏಕೆ ಬಿಟ್ಟ? ಉತ್ತರ ನಾಟಕದ ಅತ್ಯುತ್ತಮ ದೃಶ್ಯದಲ್ಲೇ ಇದೆ. ಇಕ್ಕಾನ್ ಹಿಂದೆ ಚೀನಾದಲ್ಲಿ ಬಿಟ್ಟುಬಂದ ಮಗಳು ಕಿನ್‌ಶೋಜೊ ಈಗ ಸೇನಾಪತಿ ಕಾಂಕಿಯ ಹೆಂಡತಿ. ಕಾಂಕಿ ತಮ್ಮೊಡನೆ ಸೇರಲು ಒಪ್ಪಿದರೆ ಹರಿಯುವ ನೀರಿಗೆ ಬಿಳಿ ಪುಡಿ ಹಾಕುವುದು, ಒಪ್ಪದಿದ್ದರೆ ಕೆಂಪು ಎಂದು ಮಾತಾಗಿರುತ್ತದೆ. ಹೆಂಡತಿಯ ಸಲುವಾಗಿ ಪಕ್ಷ ಬದಲಿಸಿದನೆಂಬ ಅಪವಾದ ಕಾಂಕಿಗೆ ಬೇಡ. ನೀರು ಕೆಂಪಾಗಿ ಬರುತ್ತದೆ. ಅದು ಪುಡಿಯಲ್ಲ, ಕಿನ್‌ಶೋಜೊಳ ರಕ್ತ. ಗಂಡನ ಕೈ ಬಿಡಿಸಲು ಅವಳು ತನ್ನನ್ನೇ ಇರಿದುಕೊಂಡಿದ್ದಾಳೆ. ಇಲ್ಲಿ ಪ್ರತಿಯೊಬ್ಬರೂ ಯಾರಿಗೋ ಋಣಿ, ಆ ಋಣಕ್ಕೆ ಪ್ರಾಣವೇ ಬೆಲೆ. ಚೌಕಾಸಿ ಬಲ್ಲ, ಪಕ್ಷ ಬದಲಿಸಬಲ್ಲ ತಂದೆಯೊಬ್ಬ ಈ ದೃಶ್ಯಕ್ಕೆ ಕಾಲಿಟ್ಟಿದ್ದರೆ ಅದರ ಬಿಗಿ ಅಲ್ಲೇ ಸಡಿಲಾಗುತ್ತಿತ್ತು.

ಡಚ್ಚರ ರಂಗಭೂಮಿಯೂ ಇದನ್ನೇ ಮಾಡಿತು. ಯೊಹಾನೆಸ್ ನೊಮ್ಸ್ 1775ರಲ್ಲಿ ಬರೆದ ನಾಟಕದ ನಾಯಕ ಪಾದ್ರಿ ಹಾಂಬ್ರೂಕ್. 1661ರಲ್ಲಿ ಝೀಲಾಂಡಿಯಾ ಕೋಟೆಗೆ ಮುತ್ತಿಗೆ ಹಾಕಿದ ಕೊಕ್ಸಿಂಗ, ಶರಣಾಗುವಂತೆ ಒಪ್ಪಿಸಲು ಅವನನ್ನು ಒಳಗೆ ಕಳಿಸಿದ. ಹಾಂಬ್ರೂಕ್ ಹೋರಾಡಿ ಎಂದು ತನ್ನವರಿಗೆ ಹೇಳಿ, ಸಾವು ಖಚಿತವೆಂದು ತಿಳಿದೇ ಹಿಂದಿರುಗಿದ. ಒಸಾಕಾಕ್ಕೂ ಹಾಲೆಂಡಿಗೂ ಬೇಕಾದದ್ದು ಒಂದೇ: ಬೆಲೆ ಕಟ್ಟಲಾಗದ ಮನುಷ್ಯ. ಬೆಲೆಗಾಗಿಯೇ ನಡೆದ 1633ರ ಕಾಳಗವನ್ನು ಇಬ್ಬರೂ ಮುಟ್ಟಲಿಲ್ಲ.

ಇದನ್ನು ದೋಷವೆನ್ನಬೇಕೆ? ನಾಟಕ ಚರಿತ್ರೆಯ ಗುಮಾಸ್ತನಲ್ಲ, ನಿಜ. ಆದರೆ ಆಯ್ಕೆಗೆ ಒಂದು ಫಲವಿದೆ. 1646ರಲ್ಲಿ ಝೆಂಗ್ ಕ್ವಿಂಗ್ ಪಕ್ಷಕ್ಕೆ ಶರಣಾದ. 1661ರಲ್ಲಿ ಅವರೇ ಅವನನ್ನು ಕೊಂದರು. ಮಗ ಶರಣಾಗಲಿಲ್ಲ, 1662ರಲ್ಲಿ ಡಚ್ಚರನ್ನು ತೈವಾನಿನಿಂದ ಹೊರಹಾಕಿದ. ಆದರೆ ಆ ನಿಷ್ಠೆಯನ್ನು ಸಾಕಿದ ಹಡಗು, ನಾವಿಕರು, ಹಣ ಬೆಳೆದದ್ದು ತಂದೆಯ ವ್ಯಾಪಾರದಲ್ಲಿ. ಇಕ್ಕಾನ್‌ನನ್ನು ಮಂತ್ರಿಯಾಗಿಸಿದ ಚಿಕಾಮತ್ಸು ಮಗನ ಶೌರ್ಯಕ್ಕಿದ್ದ ಬಂಡವಾಳವನ್ನು ಮರೆಸಿದ. ಶೌರ್ಯ ರಕ್ತದಿಂದ ಬರುತ್ತದೆಂದು ಪ್ರೇಕ್ಷಕ ನಂಬಿದ. ಕಿನ್‌ಶೋಜೊಳ ಸಾವು ಇಂದಿಗೂ ಕಲಕುತ್ತದೆ. ಅದನ್ನು ಅನುಭವಿಸುತ್ತಲೇ, ಈ ಯುದ್ಧದ ಖರ್ಚು ಯಾರದು ಎಂದೂ ಕೇಳಬೇಕು. ಆ ಪ್ರಶ್ನೆಗೆ ನಾಟಕದ ಇಕ್ಕಾನ್ ಬಳಿ ಉತ್ತರವಿಲ್ಲ. ಲಿಯಾವೊಲುವೊದ ಇಕ್ವಾನ್ ಬಳಿ ಇತ್ತು.