ಹೆದ್ದಾರಿಗೆ ಎಫ್‌ಐಆರ್ ಇಲ್ಲ

ಬೆಂಗಳೂರು–ಮೈಸೂರು ಹೆದ್ದಾರಿಯ ಮಾತು ಬಂದರೆ ನಮ್ಮಲ್ಲಿ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ರಸ್ತೆ ಫಸ್ಟ್ ಕ್ಲಾಸ್, ಓಡಿಸುವವರಿಗೆ ಬುದ್ಧಿ ಇಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಟಿವಿ ಚರ್ಚೆಯಲ್ಲಿ, ಕೊನೆಗೆ ದಿನವೂ ಅದೇ ದಾರಿಯಲ್ಲಿ ಓಡಾಡುವ ಕ್ಯಾಬ್ ಚಾಲಕರ ಬಾಯಲ್ಲೂ ಇದೇ ಮಾತು. ‘ನಮ್ಮ ಜನಕ್ಕೆ ಇಂಥಾ ರೋಡ್ ಕೊಡಬಾರದಿತ್ತು ಸಾರ್’ ಎನ್ನುವವರು ಆ ‘ನಮ್ಮ ಜನ’ದಲ್ಲಿ ತಮ್ಮನ್ನು ಸೇರಿಸಿಕೊಂಡಿರುವುದಿಲ್ಲ, ಹೂಂಗುಟ್ಟುವವರೂ ಅಷ್ಟೆ. ಎಲ್ಲರೂ ಒಪ್ಪುವ, ಯಾರಿಗೂ ತಗಲದ ಆರೋಪ. ನನಗೆ ಅನುಮಾನ ಬಂದಿದ್ದೇ ಅದಕ್ಕೆ.

2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಮಂಡ್ಯ ಜಿಲ್ಲೆಯಲ್ಲಿ ಈ ರಸ್ತೆಯನ್ನು ಲೋಕಾರ್ಪಣೆ ಮಾಡಿದರು. ಉದ್ದ 118 ಕಿ.ಮೀ., ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ದಶಪಥ ಎಂದು ಪತ್ರಿಕೆಗಳು ಬರೆದರೂ ವೇಗದ ಸಂಚಾರಕ್ಕಿರುವುದು ಆರೇ ಪಥ. ಉಳಿದ ನಾಲ್ಕು ಎರಡೂ ಬದಿಯ ಸರ್ವಿಸ್ ರಸ್ತೆಯವು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವೂ ಬೈಪಾಸಿನ ಆಚೆಗೆ ಸರಿದವು. ಸರ್ಕಾರ ಆಗ ಎಲ್ಲಕ್ಕಿಂತ ಹೆಚ್ಚು ಸಾರಿದ್ದು ಒಂದು ಮಾತನ್ನು: ಮೂರು ಗಂಟೆಯ ಪಯಣ ಇನ್ನು 75 ನಿಮಿಷ.

ಆ 75 ನಿಮಿಷವನ್ನು ಯಾರೂ ಭಾಗಾಕಾರ ಮಾಡಿ ನೋಡಿದಂತಿಲ್ಲ. 118 ಕಿ.ಮೀ.ಯನ್ನು ಅಷ್ಟು ಹೊತ್ತಿನಲ್ಲಿ ಮುಗಿಸಬೇಕಾದರೆ ಸರಾಸರಿ ವೇಗವೇ ಗಂಟೆಗೆ 94 ಕಿ.ಮೀ. ಮೀರಬೇಕು. ಟೋಲ್ ಗೇಟಿನಲ್ಲಿ ನಿಂತದ್ದು, ಲಾರಿಯ ಹಿಂದೆ ಸಿಕ್ಕಿಕೊಂಡದ್ದು, ಮಕ್ಕಳಿಗೆ ನೀರು ಕುಡಿಸಲು ಇಳಿದದ್ದು ಎಲ್ಲ ಸೇರಿಸಿದರೆ ಮಿಕ್ಕ ದಾರಿಯನ್ನು ನೂರರ ಮೇಲೆ ಓಡಿಸದೆ ಗತಿಯಿಲ್ಲ. ಪೊಲೀಸರು ದಂಡ ಹಾಕುವ ಮಿತಿಯೋ ಗಂಟೆಗೆ 100 ಕಿ.ಮೀ. ಅಂದರೆ ಆ ವೇಗದ ಆಸೆಯನ್ನು ಮೊದಲು ಹುಟ್ಟಿಸಿದ್ದು ಆಳುವವರ ಜಾಹೀರಾತು. ಆಮೇಲೆ ಅದೇ ವೇಗ ಚಾಲಕನ ಚಟ, ಹುಂಬತನ, ನಾಗರಿಕ ಪ್ರಜ್ಞೆಯ ಕೊರತೆ ಎಂದೆಲ್ಲ ಕರೆಸಿಕೊಂಡಿತು.

ಈಗ ಸಾವಿನ ಲೆಕ್ಕಕ್ಕೆ ಬರೋಣ. 2023ರ ಮೇ ತಿಂಗಳಲ್ಲಿ ಈ ರಸ್ತೆಯ ಮೇಲೆ ಸತ್ತವರು 29, ಜೂನ್‌ನಲ್ಲಿ 28. ಜುಲೈನಲ್ಲಿ ಅದು 8ಕ್ಕೆ ಇಳಿಯಿತು, ಆಗಸ್ಟ್‌ನಲ್ಲಿ 6ಕ್ಕೆ. ಪೊಲೀಸ್ ಇಲಾಖೆಯೇ ಹೆಮ್ಮೆಯಿಂದ ಹಂಚಿಕೊಂಡ ಅಂಕಿಗಳಿವು, ಹೆಮ್ಮೆ ಪಡುವಂಥವೂ ಹೌದು. ನನ್ನ ಪ್ರಶ್ನೆ ಬೇರೆ. ಜೂನ್ 30ರ ರಾತ್ರಿ ಮಲಗಿದ ಕನ್ನಡನಾಡಿನ ಚಾಲಕರು ಜುಲೈ ಒಂದಕ್ಕೆ ಸುಸಂಸ್ಕೃತರಾಗಿ ಎದ್ದರೇ? ಕಾರುಗಳು ಅವೇ, ಚಾಲಕರು ಅವರೇ, ಲೈಸೆನ್ಸ್ ಕೊಟ್ಟ ಆರ್‌ಟಿಒಗಳೂ ಅವೇ. ಬದಲಾದದ್ದು ರಸ್ತೆಯ ಮೇಲಿನ ಏರ್ಪಾಡು. ಸ್ಪೀಡ್ ಗನ್ ಹಿಡಿದ ಪೊಲೀಸರು ನಿಂತರು, ದಂಡ ಬೀಳತೊಡಗಿತು. ಹೆದ್ದಾರಿ ಪ್ರಾಧಿಕಾರದ ತಜ್ಞರ ತಂಡ ಬಂದು ಅಪಾಯದ ಜಾಗಗಳನ್ನು ನೋಡಿ ಹೋಯಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥ ಬಂದ್ ಆಯಿತು. ಆಮೇಲೆ ಕ್ಯಾಮೆರಾಗಳೂ ಬಂದವು. ಎರಡು ತಿಂಗಳ ಅಂಕಿ ಹಿಡಿದು ಕುಣಿಯಬಾರದು, ಒಪ್ಪುತ್ತೇನೆ. ಆದರೆ 2024ರ ಇಡೀ ವರ್ಷವೂ ಸಾವು ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗೇ ಉಳಿಯಿತು.

‘ದಂಡಕ್ಕೆ ಹೆದರಿ ಸರಿಹೋದರು ಎಂದರೆ ತಪ್ಪು ಅವರದೇ ತಾನೆ?’ ಎಂದು ಯಾರಾದರೂ ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದನ್ನು ತಿರುಗಿಸಿಯೂ ಕೇಳಬೇಕು. ಒಂದಿಷ್ಟು ಸ್ಪೀಡ್ ಗನ್, ಒಂದಿಷ್ಟು ಸಿಬ್ಬಂದಿ, ಒಂದು ಅಧಿಸೂಚನೆ ಇಷ್ಟರಿಂದ ಸಾವು ಮೂರರಲ್ಲಿ ಒಂದು ಪಾಲಿಗೂ ಕೆಳಗೆ ಇಳಿಯುವುದಾದರೆ, ಅವಿಲ್ಲದೆ ರಸ್ತೆಯನ್ನು ತೆರೆದವರು ಯಾರು? ಹೊಸ ರಸ್ತೆಯನ್ನು ಸಂಚಾರಕ್ಕೆ ಬಿಡುವ ಮುನ್ನ ಸುರಕ್ಷತಾ ಆಡಿಟ್ ಆಗಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಕೈಪಿಡಿಯೇ ಹೇಳುತ್ತದೆ. ನಮ್ಮಲ್ಲಿ ಬೈಪಾಸುಗಳು 2022ರಲ್ಲೇ ತುಂಡುತುಂಡಾಗಿ ತೆರೆದುಕೊಂಡವು, ಉದ್ಘಾಟನೆ ಚುನಾವಣೆಗೆ ಎರಡು ತಿಂಗಳು ಮೊದಲು ಆಯಿತು, ತಜ್ಞರು ಬಂದದ್ದು ಜುಲೈನಲ್ಲಿ, ಹೆಣಗಳು ಬಿದ್ದ ಮೇಲೆ.

ಹಳೆಯ ಮೈಸೂರು ರಸ್ತೆಯಲ್ಲಿ ಓಡಿಸಿದವರಿಗೆ ಚಾಲನೆ ಬರುವುದಿಲ್ಲ ಎಂಬುದಂತೂ ಶುದ್ಧ ಸುಳ್ಳು. ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ಅಡ್ಡಾದಿಡ್ಡಿ ನಿಂತ ಕಾರುಗಳು, ಚನ್ನಪಟ್ಟಣದ ಗೊಂಬೆ ಅಂಗಡಿ ಕಂಡೊಡನೆ ಗಕ್ಕನೆ ಬ್ರೇಕ್ ಹಾಕುವ ಪ್ರವಾಸಿಗರು, ಮದ್ದೂರಿನಲ್ಲಿ ರಸ್ತೆ ದಾಟುವ ದನ, ಮಂಡ್ಯದ ಬಳಿ ಕಬ್ಬು ಹೇರಿಕೊಂಡು ಹಿಂದಿನ ದೀಪವಿಲ್ಲದೆ ತೊನೆದಾಡುವ ಟ್ರ್ಯಾಕ್ಟರು. ಇವೆಲ್ಲವನ್ನೂ ಮುಂಗಂಡು, ಹಾರ್ನ್ ಹೊಡೆದು, ನುಸುಳಿ ಮೈಸೂರು ಸೇರುವುದು ಕಡಿಮೆ ಕಸುಬೇನಲ್ಲ. ಆ ರಸ್ತೆ ಚಾಲಕನೊಡನೆ ಸದಾ ಮಾತಾಡುತ್ತಿತ್ತು. ಹಂಪು, ಸಿಗ್ನಲ್ಲು, ತಿರುವು, ಜನ ಎಲ್ಲವೂ ‘ನಿಧಾನ’ ಎನ್ನುತ್ತಿದ್ದವು. ಹೊಸ ರಸ್ತೆ ಏನನ್ನೂ ಹೇಳುವುದಿಲ್ಲ. ಮೂರು ಅಗಲ ಪಥ, ನೆಟ್ಟಗಿನ ನೋಟ, ಗಾಜು ಏರಿಸಿದ ಎ.ಸಿ. ಕಾರು, ಮುಳ್ಳು ನೂರಿಪ್ಪತ್ತು ತೋರಿಸುವಾಗಲೂ ಎಂಬತ್ತರಲ್ಲಿ ಹೋದಂತೆ ಅನಿಸುತ್ತದೆ. ಹಾಗೆ ಅನಿಸುವುದು ಕಣ್ಣು ಮತ್ತು ಮೆದುಳಿನ ಸಹಜ ಗುಣ, ಯಾರ ಸಂಸ್ಕಾರವನ್ನೂ ಅದು ಕೇಳುವುದಿಲ್ಲ. ರಸ್ತೆ ಕಟ್ಟುವ ಎಂಜಿನಿಯರುಗಳಿಗೆ ಇದು ಗೊತ್ತಿಲ್ಲದ ವಿಷಯವೂ ಅಲ್ಲ. ಸ್ವೀಡನ್ನಿನ ಸಂಸತ್ತು 1997ರಲ್ಲಿ ಒಪ್ಪಿಕೊಂಡ ‘ವಿಷನ್ ಜೀರೊ’ ನೀತಿ ಶುರುವಾಗುವುದೇ ಇಲ್ಲಿಂದ: ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಜೀವ ಹೋಗದಂತೆ ರಸ್ತೆ ಇರಬೇಕು.

ಉದ್ಘಾಟನೆಯ ಹೊತ್ತಿಗೆ ಮುಖ್ಯ ಪಥದಲ್ಲಿ ವಿಶ್ರಾಂತಿ ತಾಣವೇ ಇರಲಿಲ್ಲ. ರಾತ್ರಿಯೆಲ್ಲ ಓಡಿಸಿ ಬಂದ ಲಾರಿ ಚಾಲಕನಿಗೆ ಕಣ್ಣು ಎಳೆದರೆ ಏನು ಮಾಡಬೇಕು? ಅಂಚಿನ ಪಟ್ಟಿಯಲ್ಲಿ ನಿಲ್ಲಿಸುತ್ತಾನೆ, ಹಿಂದಿನಿಂದ ಇನ್ನೊಬ್ಬ ಬಂದು ಗುದ್ದುತ್ತಾನೆ. ಪ್ರಕರಣ ದಾಖಲಾಗುವುದು ಅವರಿಬ್ಬರಲ್ಲಿ ಒಬ್ಬನ ಮೇಲೆ. ಮೂತ್ರಕ್ಕೆ ಇಳಿಯಲೂ ಜಾಗವಿಲ್ಲದ ನೂರು ಕಿಲೊಮೀಟರಿನ ನಕ್ಷೆಗೆ ಸಹಿ ಹಾಕಿದವರ ಹೆಸರು ಆ ಕಾಗದದಲ್ಲಿ ಎಲ್ಲಿಯೂ ಬರುವುದಿಲ್ಲ. (ಕಾರಿನಲ್ಲಿ ಹೆಂಗಸರು, ವಯಸ್ಸಾದವರು ಇದ್ದರೆ ಈ ಕೊರತೆ ಏನೆಂದು ಹೇಳಬೇಕಾಗಿಲ್ಲ. ಯೋಜನೆಯ ಸಭೆಗಳಲ್ಲಿ ಅವರು ಇದ್ದಂತಿಲ್ಲ.)

ಪಕ್ಕದ ಹಳ್ಳಿಗಳ ಮೇಲೂ ಇದೇ ತರ್ಕ ನಡೆಯಿತು. ಉದ್ಘಾಟನೆಯಾಗಿ ವಾರವಾಗುವ ಮೊದಲೇ ಮಳೆ ಸುರಿದು ರಾಮನಗರದ ಬಳಿ ಹೆದ್ದಾರಿಯ ಮೇಲೆ ನೀರು ನಿಂತಿತು. ಹಿಂದಿನ ವರ್ಷದ ಆಗಸ್ಟ್ ಕೊನೆಯ ಮಳೆಯಲ್ಲೂ ಅದೇ ರಾಮನಗರದಲ್ಲಿ ವಾಹನಗಳು ಮುಳುಗಿದ್ದವು. ಪ್ರಾಧಿಕಾರ ಕೊಟ್ಟ ವಿವರಣೆ: ಹಳ್ಳಿಯವರು ತಮ್ಮ ಹೊಲಕ್ಕೆ ಹೋಗಲು ಚರಂಡಿಗೆ ಮಣ್ಣು ಸುರಿದು ದಾರಿ ಮಾಡಿಕೊಂಡಿದ್ದರು, ನೀರು ಹೋಗಲು ಜಾಗವಿರಲಿಲ್ಲ. ಇರಬಹುದು. ಆದರೆ ಹೊಲಕ್ಕೆ ದಾರಿ ಇದ್ದಿದ್ದರೆ ಚರಂಡಿಯ ಮೇಲೆ ಮಣ್ಣು ಹೊರುವ ಉಸಾಬರಿ ಯಾರಿಗೆ ಬೇಕಿತ್ತು? ಬೇಲಿ ಕತ್ತರಿಸಿ ರಸ್ತೆ ದಾಟುವವರ ಕತೆಯೂ ಇದೇ. ಆಚೆ ಗದ್ದೆ, ಈಚೆ ಮನೆ, ಅಂಡರ್‌ಪಾಸ್ ದೂರದಲ್ಲಿ. ತಲೆಮಾರುಗಳಿಂದ ಒಂದೇ ಆಗಿದ್ದ ಊರನ್ನು ಸೀಳಿ, ದಾಟುವವನನ್ನು ಅಶಿಸ್ತಿನವನೆಂದು ಕರೆಯುವುದು ಸುಲಭ.

ಬೈಕು, ಟ್ರ್ಯಾಕ್ಟರ್ ನಿಷೇಧ ನನಗೆ ಒಪ್ಪಿಗೆಯೇ. ನೂರರಲ್ಲಿ ಬರುವ ಕಾರಿನ ನಡುವೆ ಮೂವತ್ತರಲ್ಲಿ ಹೋಗುವ ಟ್ರ್ಯಾಕ್ಟರ್ ಇರಬಾರದು. ತಕರಾರಿರುವುದು ಅವರನ್ನು ಕಳಿಸಿದ ಜಾಗದ ಬಗ್ಗೆ. ಸರ್ವಿಸ್ ರಸ್ತೆ ಪೂರ್ಣವಾಗದೆ ಟೋಲ್ ವಸೂಲಿ ಮಾಡುತ್ತೀರಿ ಎಂದು 2023ರ ಮಾರ್ಚ್‌ನಲ್ಲೇ ಪ್ರತಿಭಟನೆ ನಡೆದಿತ್ತು. ರಾಮನಗರದ ಮಾರುಕಟ್ಟೆಗೆ ಬೈಕಿನಲ್ಲಿ ರೇಷ್ಮೆಗೂಡು ತರುವ ರೈತ ಈಗ ಆ ಸರ್ವಿಸ್ ರಸ್ತೆಯಲ್ಲೇ ಬರಬೇಕು; ಅಲ್ಲಿ ಎದುರುಬದುರು ಸಂಚಾರ, ಅಂಗಡಿ ಮುಂದೆ ನಿಂತ ಲಾರಿ, ಕೆಲವು ಕಡೆ ದಾರಿಯೇ ಮುಗಿದುಹೋಗುವ ಪರಿಸ್ಥಿತಿ. ಮುಖ್ಯ ಪಥದ ಸಾವು ಇಳಿದಿದೆ ಎನ್ನುವ ಪ್ರತಿ ಪ್ರಕಟಣೆಯಲ್ಲೂ ಅದೇ ಅವಧಿಯ ಸರ್ವಿಸ್ ರಸ್ತೆಯ ಸಾವುಗಳನ್ನು ಪಕ್ಕದಲ್ಲೇ ಕೊಡಬೇಕು. ಆಗ ಮಾತ್ರ ಆ ಇಳಿಕೆ ಎಷ್ಟು ನಿಜ ಎಂದು ತಿಳಿಯುತ್ತದೆ.

ಇಷ್ಟಾದರೂ ಚಾಲಕನೇ ತಪ್ಪಿತಸ್ಥ ಎಂಬ ನಂಬಿಕೆ ಗಟ್ಟಿಯಾಗಿರುವುದಕ್ಕೆ ಕಾರಣ ಬರಿಯ ಪೂರ್ವಗ್ರಹವಲ್ಲ, ಲೆಕ್ಕ ಹುಟ್ಟುವ ಬಗೆಯೂ ಹೌದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಹತ್ತರಲ್ಲಿ ಏಳು ಸಾವಿಗೆ ಅತಿವೇಗ ಕಾರಣ ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಆ ವರದಿಗೆ ಮೂಲ ಪೊಲೀಸ್ ಠಾಣೆಗಳಿಂದ ಬರುವ ಮಾಹಿತಿ. ಠಾಣೆಯಲ್ಲಿ ಎಫ್‌ಐಆರ್ ಬರೆಯುವಾಗ ಕಣ್ಣು ಹುಡುಕುವುದು ಒಬ್ಬ ಆರೋಪಿಯನ್ನು, ‘ಅತಿವೇಗ ಮತ್ತು ಅಜಾಗರೂಕತೆ’ಯ ಕಲಂ ಕೈಗೆಟುಕುವಷ್ಟು ಹತ್ತಿರವಿದೆ. ತಿರುವಿನ ಓರೆ ಸರಿಯಿತ್ತೇ, ಫಲಕ ಎಷ್ಟು ದೂರದಲ್ಲಿತ್ತು, ಡಾಂಬರಿನ ಮೇಲೆ ನೀರು ನಿಂತಿತ್ತೇ ಎಂದು ಅಳೆಯಲು ಬೆಳಿಗ್ಗೆಯಿಂದ ಬಂದೋಬಸ್ತಿನಲ್ಲಿದ್ದ ಸಬ್‌ಇನ್‌ಸ್ಪೆಕ್ಟರ್ ಬಳಿ ಸಲಕರಣೆಯೂ ಇಲ್ಲ, ತರಬೇತಿಯೂ ಇಲ್ಲ.

ಅದೇ 2023ರ ಜೂನ್ 2ರಂದು ಬಾಲಾಸೋರ್ ರೈಲು ದುರಂತವಾಯಿತು. ರೈಲ್ವೆ ಸುರಕ್ಷತಾ ಆಯುಕ್ತರು ವಿಚಾರಣೆ ನಡೆಸಿದರು. ಲೋಕೊ ಪೈಲಟ್‌ಗೆ ಸಿಕ್ಕಿದ್ದು ಹಸಿರು ಸಿಗ್ನಲ್, ತಪ್ಪಿದ್ದು ಸಿಗ್ನಲಿಂಗ್ ವೈರಿಂಗ್ ಕೆಲಸದಲ್ಲಿ ಎಂಬುದು ಹೊರಬಂತು. ಹಳಿಯ ಮೇಲಿನ ಸಾವಿಗೆ ಅಂಥ ಸ್ವತಂತ್ರ ತನಿಖೆಯ ಕಚೇರಿ ಇದೆ, ಆಕಾಶದ ಸಾವಿಗೂ ಇದೆ. ಅದೇ ತಿಂಗಳು ಮೈಸೂರು ರಸ್ತೆಯಲ್ಲಿ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಸತ್ತ 28 ಮಂದಿಗೆ ಸಿಕ್ಕಿದ್ದು ಎಫ್‌ಐಆರ್ ಮಾತ್ರ.

ಚಾಲಕ ಸ್ಟೀರಿಂಗ್ ಹಿಡಿದೇ ಇಲ್ಲದಾಗ ಏನೆನ್ನುತ್ತೇವೆ? 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನ ಗುಡ್ಡ ಜಾರಿ, ರಸ್ತೆ ಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಕೋಯಿಕ್ಕೋಡಿನ ಚಾಲಕನೊಬ್ಬನ ಲಾರಿ, ಒಳಗೆ ಅವನ ದೇಹದ ಸಮೇತ, ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅವನು ಮಾಡಿದ್ದೇನು? ಹೆದ್ದಾರಿಗಾಗಿ ಕಡಿದು ನಿಲ್ಲಿಸಿದ ಗುಡ್ಡದ ಕೆಳಗೆ ಲಾರಿ ನಿಲ್ಲಿಸಿದ್ದ, ಅಷ್ಟೆ. ಕರಾವಳಿಯ ಮಳೆಗಾಲದಲ್ಲಿ ಎಲ್ಲಿ ನಿಂತರೆ ಕ್ಷೇಮ ಎಂದು ಅವನಿಗೆ ಹೇಳಬೇಕಿದ್ದವರು ಗುಡ್ಡ ಕಡಿದವರೇ.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಕಲಂ 198-ಎ ಪ್ರಕಾರ, ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಮೀರಿ ಅದರಿಂದ ಸಾವೋ ಅಂಗವೈಕಲ್ಯವೋ ಆದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ, ಕನ್ಸಲ್ಟೆಂಟ್ ದಂಡ ತೆರಬೇಕು. ಆ ರಸ್ತೆಯಲ್ಲಿ ಯಾವ ಬಗೆಯ ಸಂಚಾರ ನಿರೀಕ್ಷಿತವಾಗಿತ್ತು ಎಂಬುದನ್ನೂ ನ್ಯಾಯಾಲಯ ನೋಡಬೇಕು ಎಂದಿದೆ. ಮಂಡ್ಯದಲ್ಲಿ ಕಬ್ಬಿನ ಟ್ರ್ಯಾಕ್ಟರ್ ನಿರೀಕ್ಷಿತವಲ್ಲ ಎಂದು ಯಾವ ವಕೀಲನೂ ವಾದಿಸಲಾರ. ದಂಡ ಎಷ್ಟು? ಗರಿಷ್ಠ ಒಂದು ಲಕ್ಷ ರೂಪಾಯಿ. 8,480 ಕೋಟಿಯ ಕಾಮಗಾರಿಗೆ ಒಂದು ಲಕ್ಷ. ಮೊದಲ ಸಲ ಕುಡಿದು ಓಡಿಸಿ ಸಿಕ್ಕಿಬಿದ್ದವನಿಗೆ, ಯಾರಿಗೂ ಗಾಯವಾಗದಿದ್ದರೂ, ಹತ್ತು ಸಾವಿರ ದಂಡವೋ ಆರು ತಿಂಗಳವರೆಗೆ ಜೈಲೋ ಇದೆ, ಎರಡೂ ಬೀಳಬಹುದು; ಇಲ್ಲಿ ಜೈಲಿನ ಪ್ರಸ್ತಾಪವೇ ಇಲ್ಲ. ಈ ಕಲಮಿನ ಹೆಸರನ್ನು ಅಪಘಾತದ ಸುದ್ದಿಯಲ್ಲಿ ನಾನಂತೂ ಓದಿದ ನೆನಪಿಲ್ಲ.

ಚಾಲಕರೆಲ್ಲ ಮುಗ್ಧರೆಂದು ನಾನು ವಾದಿಸುತ್ತಿಲ್ಲ. ಫೋನ್ ನೋಡುತ್ತ ಓಡಿಸುವವರು, ಎಡದಿಂದ ನುಗ್ಗಿ ಓವರ್‌ಟೇಕ್ ಮಾಡುವವರು, ಒಂದು ಎಕ್ಸಿಟ್ ತಪ್ಪಿತೆಂದು ಹೆದ್ದಾರಿಯಲ್ಲೇ ರಿವರ್ಸ್ ಬರುವ ಮಹಾನುಭಾವರು ಎಲ್ಲ ಇದ್ದಾರೆ. ಅವರಿಗೆ ದಂಡ ಬೀಳಲಿ, 130 ದಾಟಿದವರ ಮೇಲೆ ಪ್ರಕರಣವೂ ಆಗಲಿ. ಆದರೆ ಟೋಲ್ ಕಟ್ಟಿದವನು ಗಿರಾಕಿಯೂ ಹೌದು. ಹಣ ತೆಗೆದುಕೊಳ್ಳುವಾಗ ಅವನನ್ನು ಗಿರಾಕಿ ಎಂದು, ಸತ್ತಾಗ ಅಪರಾಧಿ ಎಂದು ಕಾಣುವ ವ್ಯವಸ್ಥೆಗೆ ನಾವೇ ಊಟದ ಪಂಕ್ತಿಯಲ್ಲಿ ಕೂತು ಸಾಕ್ಷಿ ನುಡಿಯಬೇಕಾಗಿಲ್ಲ.

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಹೊಸಕೋಟೆಯಿಂದ ಮಾಲೂರು, ಬೇತಮಂಗಲದ ಕಡೆಗಿನ ಸುಮಾರು 70 ಕಿ.ಮೀ. ಭಾಗ 2024ರ ಕೊನೆಗೆ ವಿಧ್ಯುಕ್ತ ಉದ್ಘಾಟನೆಯಿಲ್ಲದೆಯೇ ವಾಹನಗಳಿಗೆ ತೆರೆದುಕೊಂಡಿತು. ಅಲ್ಲಿಯೂ ಅಪಘಾತಗಳಾದವು, ಅಲ್ಲಿಯೂ ಬೈಕ್ ಸವಾರರ ಉದ್ಧಟತನ, ಕಾರಿನವರ ಅತಿವೇಗ ಎಂಬ ವಿವರಣೆಯೇ ಮೊದಲು ಬಂತು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ತೆರೆಯುವ ಮುನ್ನದ ಆಡಿಟ್ ಯಾವ ದಿನ ಆಯಿತು, ಅದರಲ್ಲಿ ಏನು ಬರೆದಿದೆ, ಮಾಲೂರಿನಿಂದ ತರಕಾರಿ ಹೇರಿಕೊಂಡು ಹೊರಡುವ ಬೈಕು ಯಾವ ದಾರಿಯಲ್ಲಿ ಹೋಗಬೇಕು ಎಂದು ಕೋಲಾರದ ಸಮಿತಿ ಪ್ರಾಧಿಕಾರಕ್ಕೆ ಒಂದು ಪತ್ರ ಬರೆದು, ಬಂದ ಉತ್ತರವನ್ನು ಜನರ ಮುಂದಿಡಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ.