ಚಿತ್ರಕಲೆಯಲ್ಲಿ ಬಾಲ್ಯದರ್ಶನ

ಮಧ್ಯಯುಗದ ಐರೋಪ್ಯ ಚಿತ್ರಕಾರರು ಮಕ್ಕಳನ್ನು ಗಾತ್ರದಲ್ಲಿ ಕುಗ್ಗಿದ ಪ್ರೌಢರಂತೆ ಬರೆದರೆಂದೂ, ಆದುದರಿಂದ ಆ ಕಾಲದವರಿಗೆ ಬಾಲ್ಯವೆಂಬುದರ ಭಾವನೆಯೇ ಇರಲಿಲ್ಲವೆಂದೂ ಫ್ರಾನ್ಸಿನ ಇತಿಹಾಸಜ್ಞರಾದ ಫಿಲಿಪ್ ಆರಿಯೆಸ್ ಅವರು 1960ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಅನಂತರದ ವಿದ್ವಾಂಸರನೇಕರು ಈ ವಾದವನ್ನು ಖಂಡಿಸಿರುವರು. ಕಲಾದೃಷ್ಟಿಯಿಂದ ನೋಡಿದರೂ ಇದು ನಿಲ್ಲತಕ್ಕುದಲ್ಲ. ಅವಯವಗಳ ಪ್ರಮಾಣವೊಂದರಿಂದಲೇ ಚಿತ್ರಕಾರನ ಹೃದಯವನ್ನು ಅಳೆಯಲಾದೀತೆ?

ನೆದರ್ಲೆಂಡ್ಸಿನ ಪೀಟರ್ ಬ್ರೂಗೆಲನು 1560ರಲ್ಲಿ ಬರೆದ ಮಕ್ಕಳ ಆಟಗಳ ಚಿತ್ರವು ಈಗ ವಿಯೆನ್ನಾ ನಗರದಲ್ಲಿದೆ. ಅದರಲ್ಲಿ ಇನ್ನೂರಕ್ಕೂ ಮಿಕ್ಕಿ ಮಕ್ಕಳು, ಎಂಬತ್ತರಷ್ಟು ಆಟಗಳು. ಮುಖಗಳೇನೋ ವಯಸ್ಸಾದವರಂತೆಯೇ ಇವೆ. ಆದರೆ ಬಳೆಯುರುಳಿಸುವವನ ಓಟ, ಮರಗಾಲು ಕಟ್ಟಿದವನ ನಿಲುವು, ಬಗ್ಗಿದ ಗೆಳೆಯನ ಬೆನ್ನ ಮೇಲಿಂದ ಹಾರುವವನ ತನ್ಮಯತೆ, ಇವು ಬಾಲ್ಯವನ್ನರಿಯದವನ ಕೈಗೆ ಬರುವಂಥವಲ್ಲ.

ಇನ್ನು ನಮ್ಮ ದೇಶದ ಅಜಂತೆಯ 17ನೆಯ ಗುಹೆಯನ್ನು ನೋಡೋಣ. ಐದನೆಯ ಶತಮಾನದ ಆ ಭಿತ್ತಿಚಿತ್ರದಲ್ಲಿ ಭಿಕ್ಷಾಪಾತ್ರೆ ಹಿಡಿದ ಬುದ್ಧನು ಬೃಹದಾಕಾರನಾಗಿ ನಿಂತಿದ್ದಾನೆ. ಎದುರಿಗೆ ಯಶೋಧರೆ, ರಾಹುಲರು ತೀರ ಚಿಕ್ಕವರಾಗಿ ಕಾಣುತ್ತಾರೆ. ಇಲ್ಲಿಯೂ ಪ್ರಮಾಣವು ಲೋಕದ್ದಲ್ಲ, ಭಾವದ್ದು. ತಂದೆಯಲ್ಲಿ ದಾಯಭಾಗವನ್ನು ಕೇಳೆಂದು ತಾಯಿ ಮಗನನ್ನು ಕಳುಹಿದಳೆಂದೂ, ಅವನಿಗೆ ದೊರೆತುದು ಪ್ರವ್ರಜ್ಯೆಯೆಂದೂ ಬೌದ್ಧಕಥೆ ಹೇಳುತ್ತದೆ. ಮಗನನ್ನು ಮುಂದಿರಿಸಿಕೊಂಡು ನಿಂತ ಆ ತಾಯಿಯನ್ನು ಕಂಡು ಕರಗದ ಸಹೃದಯನಾರು?

ಆದರೆ ಈ ಎರಡು ದರ್ಶನಗಳಿಗೂ ಭೇದವುಂಟು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು 'ಸಾಹಿತ್ಯದರ್ಪಣ'ದಲ್ಲಿ ವತ್ಸಲವನ್ನೂ ರಸವೆಂದು ಅಂಗೀಕರಿಸಿ, ಶಿಶುವನ್ನು ಅದಕ್ಕೆ ಆಲಂಬನವೆಂದನು. ಶಿಶುವಿನ ಚೇಷ್ಟೆಗಳು ಉದ್ದೀಪನಗಳು. ಅಂದರೆ ಸ್ಥಾಯಿಯಾದ ಸ್ನೇಹವು ನೋಡುವ ಹಿರಿಯರದು. ಅಜಂತೆಯ ಚಿತ್ರವು ಈ ಮಾರ್ಗದ್ದು. ಅಲ್ಲಿ ನಾವು ಮಗುವನ್ನು ಕಾಣುವುದು ತಾಯಿಯ ಕಣ್ಣಿನಿಂದ. ಬ್ರೂಗೆಲನ ಮಕ್ಕಳಾದರೋ ಯಾರ ವಾತ್ಸಲ್ಯಕ್ಕೂ ಕಾದಿಲ್ಲ. ತಮ್ಮ ಆಟದಲ್ಲಿ ತಾವೇ ಪ್ರಭುಗಳು.

ರಸದ ಆಳದಲ್ಲಿ ಅಜಂತೆಯದೇ ಮೇಲೆಂದು ನನ್ನ ಮತ. ಆದರೂ ಬ್ರೂಗೆಲನಿಂದ ನಾವು ಕಲಿಯಬೇಕಾದುದೊಂದಿದೆ. ಮಕ್ಕಳನ್ನು ಅತಿಶಯವಾಗಿ ಪ್ರೀತಿಸುವ ನಮ್ಮ ಮನೆಗಳಲ್ಲಿ, ಮಗುವಿನಲ್ಲಿ ನಮ್ಮ ಆಸೆಗಳನ್ನೇ ಕಂಡು ಮಗುವನ್ನು ಕಾಣದೆ ಹೋಗುವುದುಂಟು. ಉಪಾಧ್ಯಾಯರೂ ಇದಕ್ಕೆ ಹೊರತಲ್ಲ. ತಂದೆತಾಯಿಗಳಿಬ್ಬರ ನಡುವೆ ನಿಂತ ರಾಹುಲನಿಗೆ ಆ ಹೊತ್ತು ಏನು ಬೇಕಾಗಿತ್ತೆಂಬುದನ್ನು ಕಥೆಯೂ ಕೇಳಲಿಲ್ಲ, ಚಿತ್ರವೂ ಹೇಳಲಿಲ್ಲ. ವಾಚಕರಾದರೂ ಅದನ್ನು ಆಲೋಚಿಸಬೇಕು.